ನಾಡಿನ ಸಿರಿ ಮತ್ತು ನಮ್ಮ ಕೆರೆ ಏರಿಯ ಕಲ್ಲು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಎದುರಿಗೆ "ನಮ್ಮ ನಾಡಿನ ಪ್ರಾಕೃತಿಕ ಹಾಗೂ ಐತಿಹಾಸಿಕ ತಾಣಗಳು" ಅಂತ ವಿಷಯ ಅಚ್ಚು ಹಾಕಿಸಿದ್ದೀರಿ. ಅರ್ಧ ಗಂಟೆ ಕಾಲ ಕೊಟ್ಟಿದ್ದೀರಿ. ಅಡುಗೆ ಕಡೆಯಿಂದ ಒಗ್ಗರಣೆ ವಾಸನೆ ಆಗಲೇ ಬರ್ತಾ ಇದೆ. ಆದ್ದರಿಂದ ದೊಡ್ಡ ದೊಡ್ಡ ತಾಣಗಳನ್ನು ಬೇಗ ಮುಗಿಸಿ, ಆಮೇಲೆ ನಮ್ಮ ಊರಿಗೆ ಬರ್ತೀನಿ.

ಪ್ರಪಂಚದ ಆಸ್ತಿ ಅಂತ ಯುನೆಸ್ಕೋ ಸಂಸ್ಥೆ ಒಪ್ಪಿಕೊಂಡಿರುವ ಪಟ್ಟಿಯಲ್ಲಿ ನಮ್ಮ ಕರ್ನಾಟಕದ ಹೆಸರು ನಾಲ್ಕು ಸಲ ಬಂದಿದೆ. 1986ರಲ್ಲಿ ಹಂಪಿ. 1987ರಲ್ಲಿ ಪಟ್ಟದಕಲ್ಲು. 2012ರಲ್ಲಿ ಪಶ್ಚಿಮ ಘಟ್ಟ. ಅದರ 39 ಜಾಗಗಳಲ್ಲಿ 10 ನಮ್ಮ ರಾಜ್ಯದವು, ಕುದುರೆಮುಖ, ಆಗುಂಬೆ, ತಲಕಾವೇರಿ, ಪುಷ್ಪಗಿರಿ ಮುಂತಾದವು. 2023ರಲ್ಲಿ ಹೊಯ್ಸಳರ ಮೂರು ದೇವಸ್ಥಾನಗಳು, ಅಂದರೆ ಬೇಲೂರು, ಹಳೇಬೀಡು, ಸೋಮನಾಥಪುರ. ಇವನ್ನೆಲ್ಲ ಶಾಲೆಯ ಪ್ರವಾಸದಲ್ಲಿ ನಿಮ್ಮ ಮಕ್ಕಳು ನೋಡಿಕೊಂಡು ಬಂದಿದ್ದಾರೆ. ಬೇಲೂರಿನ ಬಳಪದ ಕಲ್ಲಿನ ಬಗ್ಗೆ, ಅದು ನೆಲದಿಂದ ತೆಗೆದಾಗ ಮೆತ್ತಗಿದ್ದು ಬರುಬರುತ್ತಾ ಗಟ್ಟಿಯಾಗುತ್ತೆ ಅನ್ನೋದರ ಬಗ್ಗೆ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮತ್ತೆ ಹೇಳಿ ನಿಮಗೆ ಬೇಸರ ತರಿಸುವುದಿಲ್ಲ.

ಆ ತಾಣಗಳಿಗೆ ಬೇಲಿ ಇದೆ, ಕಾವಲುಗಾರರಿದ್ದಾರೆ, ನೀಲಿ ಬೋರ್ಡಿದೆ. ಏನಾದರೂ ಆದರೆ ಪತ್ರಿಕೆಯಲ್ಲಿ ಬರುತ್ತೆ. 2019ರಲ್ಲಿ ಹಂಪಿಯಲ್ಲಿ ಕೆಲವು ಹುಡುಗರು ಕಲ್ಲಿನ ಕಂಬ ತಳ್ಳಿ ಬೀಳಿಸಿದ್ದು ನಿಮಗೆ ನೆನಪಿರಬಹುದು. ಅವರು ತಾವೇ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಿದ್ದರು. ಪೊಲೀಸರು ಹಿಡಿದರು, ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಿದರು. ಸರಿಯಾದ ಶಿಕ್ಷೆ ಅಂತಲೇ ನನ್ನ ಅಭಿಪ್ರಾಯ. ಆದರೆ ನಮ್ಮ ಕೆರೆ ಏರಿಯ ಮೇಲಿರುವ ಕಲ್ಲನ್ನು ಯಾರಾದರೂ ತಳ್ಳಿದರೆ ಯಾರು ಕೇಳ್ತಾರೆ?

ಯಾವ ಕಲ್ಲು ಅಂತ ಕೆಲವರು ಮುಖ ಮುಖ ನೋಡಿಕೊಳ್ತಾ ಇದೀರಿ. ತೂಬಿನ ಪಕ್ಕ, ಹೊಂಗೆ ಮರದ ಬುಡದಲ್ಲಿ, ಅರ್ಧ ಮಣ್ಣಲ್ಲಿ ಹೂತು ಓರೆಯಾಗಿ ನಿಂತಿದೆಯಲ್ಲ, ಅದು. ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು, ಅದರ ಮೇಲೆ ಕಂಬಳಿ ಒಗೀತೀರಿ. ಹುಡುಗರು ಅದಕ್ಕೆ ಎಮ್ಮೆ ಕಟ್ತಾರೆ. ಹಿಂದೆ ಅಂಥವು ಎರಡಿದ್ದವು ಅಂತ ಹಿರಿಯರು ಹೇಳ್ತಾರೆ. ಇನ್ನೊಂದು ಕೆಳಗಿನ ಬೀದಿಯ ಚರಂಡಿ ಮೇಲೆ ಚಪ್ಪಡಿಯಾಗಿದೆ, ಚಿತ್ರ ಇರುವ ಮಗ್ಗುಲು ಕೆಳಗಾಗಿ.

ಅದು ವೀರಗಲ್ಲು. ಓದು ಬರದವರೂ ಅದನ್ನು ಓದಬಹುದು, ಹೇಗೆ ಅಂತ ಹೇಳ್ತೀನಿ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಜಗಳ. ಒಬ್ಬ ಆಳು ಬಿಲ್ಲು ಹಿಡಿದೋ ಕತ್ತಿ ಹಿಡಿದೋ ನಿಂತಿರ್ತಾನೆ, ಎದುರಿಗೆ ವೈರಿಗಳು. ನಡುವಿನ ಪಟ್ಟಿಕೆಯಲ್ಲಿ ಅವನು ಸತ್ತಿದ್ದಾನೆ, ಎರಡು ಕಡೆಯಿಂದ ದೇವಕನ್ಯೆಯರು ಅವನನ್ನು ಎತ್ತಿಕೊಂಡು ಹೋಗ್ತಾ ಇದ್ದಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವನ ಸನ್ನಿಧಿಯಲ್ಲಿ, ಲಿಂಗದ ಎದುರಿಗೆ ಕೈ ಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅಂದರೆ ಸೂರ್ಯ ಚಂದ್ರರು ಇರುವವರೆಗೂ ಇವನ ಹೆಸರು ಇರಲಿ ಅಂತ. ಕೆಲವರು ಸೂರ್ಯ ಚಂದ್ರ ಇದ್ದರೆ ಅಡಿಯಲ್ಲಿ ನಿಧಿ ಇದೆ ಅಂತ ಅಮಾವಾಸ್ಯೆ ರಾತ್ರಿ ಗುದ್ದಲಿ ತಗೊಂಡು ಹೋಗ್ತಾರೆ. ಊರಿಗಾಗಿ ಸತ್ತವನ ಹೆಸರಿನ ಗುರುತಿಗೆ ನಿಲ್ಲಿಸಿದ ಕಲ್ಲಿನ ಬುಡದಲ್ಲಿ ಹೊನ್ನು ಯಾಕೆ ಹೂಳ್ತಾರೆ? ಇದುವರೆಗೂ ಆ ಗುದ್ದಲಿಗಳಿಂದ ಆಗಿರುವುದು ಒಂದೇ, ಕಲ್ಲು ಇನ್ನಷ್ಟು ಓರೆಯಾಗಿದೆ.

ಈಗ ಹಾಲಿನ ಸಂಘದವರು ಗಮನ ಕೊಟ್ಟು ಕೇಳಬೇಕಾದ ಮಾತು. ನಮ್ಮ ಕಲ್ಲಿನ ಕೆಳಗಿನ ಪಟ್ಟಿಕೆಯ ಎಡಗಡೆ ಮೂಲೆಯಲ್ಲಿ, ಮಣ್ಣು ಸ್ವಲ್ಪ ಕೆರೆದು ನೋಡಿದರೆ, ಮೂರು ಹಸುಗಳಿವೆ. ಕೊಂಬು, ಡುಬ್ಬ ಎಲ್ಲ ಚೊಕ್ಕವಾಗಿ ಕಾಣುತ್ತೆ. ಹಸು ಇದ್ದರೆ ಅದು ತುರುಗಾಳಗದ ಕಲ್ಲು. ತುರು ಅಂದರೆ ದನ. ಹಿಂದಿನ ಕಾಲದಲ್ಲಿ ಒಂದು ಊರಿನ ಮೇಲೆ ದಂಡೆತ್ತಿ ಬಂದವರು ಮೊದಲು ಮಾಡುತ್ತಿದ್ದ ಕೆಲಸ ದನ ಹೊಡೆದುಕೊಂಡು ಹೋಗುವುದು. ಅದಕ್ಕೆ ಶಾಸನಗಳಲ್ಲಿ ತುರುಗೊಳ್ ಅಂತಾರೆ. ದನ ಹೋಯಿತು ಅಂದರೆ ಬೇಸಾಯ ಹೋಯಿತು, ಹಾಲು ಹೋಯಿತು, ಊರೇ ಹೋದ ಹಾಗೆ. ಆಗ ಊರಿನ ಒಬ್ಬ ಆಳು ಹಿಂದೆ ಓಡಿ, ಕಾದಾಡಿ, ದನಗಳನ್ನು ಮರಳಿಸಿ ತಾನು ಸಾಯುತ್ತಾನೆ. ಕರ್ನಾಟಕದಲ್ಲಿ ಇಂಥ ಕಲ್ಲುಗಳು ಎಷ್ಟೋ ಇವೆ. ಸತ್ತವನ ಮನೆಯವರಿಗೆ ಊರು ಭೂಮಿ ಬಿಟ್ಟುಕೊಡುತ್ತಿತ್ತು. ಆ ಭೂಮಿಯ ಹೆಸರು ಕೇಳಿ: ನೆತ್ತರುಗೊಡಗೆ. ರಕ್ತ ಸುರಿಸಿದ್ದಕ್ಕೆ ಕೊಟ್ಟ ಕೊಡುಗೆ. ವಿಮೆ, ಪರಿಹಾರ ಅಂತ ಈಗ ನಾವು ಏನೇನು ಹೇಳ್ತೀವೋ ಅದು ಆಗಲೂ ಇತ್ತು.

ಸಂಘದ ಗೋಡೆಯ ಮೇಲೆ ಹಸುವಿನ ಚಿತ್ರ ಬರೆಸಿದ್ದೀರಿ, ಚೆನ್ನಾಗಿದೆ. ಈ ಊರಿನ ಹಸುಗಳಿಗೋಸ್ಕರ ಪ್ರಾಣ ಕೊಟ್ಟವನು ಅಲ್ಲಿಂದ ಎರಡು ಫರ್ಲಾಂಗು ದೂರದಲ್ಲಿ ಕುತ್ತಿಗೆವರೆಗೂ ಮಣ್ಣಲ್ಲಿದ್ದಾನೆ.

ಹಳ್ಳಿಯ ಕಲ್ಲು ಅಂತ ಉಪೇಕ್ಷೆ ಮಾಡುವುದು ಬೇಡ. ಕನ್ನಡದ ಚರಿತ್ರೆ ತುಂಬಾ ಮಟ್ಟಿಗೆ ಹಳ್ಳಿಯ ಕಲ್ಲುಗಳಿಂದಲೇ ಕಟ್ಟಿದ್ದು. ಹಲ್ಮಿಡಿ ಶಾಸನ ಅಂತ ಪ್ರತಿ ಪಠ್ಯಪುಸ್ತಕದಲ್ಲೂ ಓದಿದ್ದೀವಿ, ಸುಮಾರು ಕ್ರಿ.ಶ. 450ರದ್ದು. ಬೇಲೂರು ತಾಲ್ಲೂಕಿನ ಹಲ್ಮಿಡಿ ಅನ್ನುವ ಸಣ್ಣ ಊರಿನಲ್ಲಿದ್ದ ಕಲ್ಲು ಅದು. 1936ರಲ್ಲಿ ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿತ್ತು. ಅದರಲ್ಲಿ ಏನಿದೆ ಗೊತ್ತೇ? ಕಾಳಗದಲ್ಲಿ ಪರಾಕ್ರಮ ತೋರಿಸಿದ ಒಬ್ಬನಿಗೆ ಊರುಗಳನ್ನು ಬಾಳ್ಗಳ್ಚು ಕೊಟ್ಟದ್ದು, ಅಂದರೆ ಕತ್ತಿ ತೊಳೆದು ಕೊಟ್ಟ ದತ್ತಿ. ಮೂಲ ಕಲ್ಲು ಈಗ ಆ ಊರಲ್ಲಿಲ್ಲ, ಅದರ ಪ್ರತಿ ಮಾಡಿ ನಿಲ್ಲಿಸಿದ್ದಾರೆ.

ಮದ್ದೂರು ತಾಲ್ಲೂಕಿನ ಆತಕೂರು ಇನ್ನೂ ಸೊಗಸು. ಅಲ್ಲಿಯ ಕಲ್ಲು ಹತ್ತನೇ ಶತಮಾನದ ನಡುವಿನದು. ಗಂಗರ ಬೂತುಗ, ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿಸಿದ ಮಣಲೇರನಿಗೆ ಏನು ಬೇಕೋ ಕೇಳು ಅಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಕಾಳಿ ಅನ್ನುವ ನಾಯಿ ಕೇಳಿದ. ಆ ನಾಯಿ ಮುಂದೆ ಕಾಡುಹಂದಿಯ ಮೇಲೆ ಬಿದ್ದು, ನಾಯಿಯೂ ಹಂದಿಯೂ ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಹಂದಿಯ ಮೇಲೆ ನಾಯಿ ಎರಗಿರುವ ಚಿತ್ರ ಅದರ ಮೇಲಿದೆ. ಆ ಕಲ್ಲು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಹೋದಾಗ ನೋಡಿ ಬನ್ನಿ. ಬೆಂಗಳೂರಿನ ವಿಷಯ ಬಂತು ಅಂತ ಹೇಳ್ತೀನಿ, ಆ ಊರಿನ ಹೆಸರು ಹಳೆಯದು ಅನ್ನುವುದಕ್ಕೆ ಸಾಕ್ಷಿ ಯಾವ ಅರಮನೆಯೂ ಅಲ್ಲ. ಬೇಗೂರಿನ ಒಂದು ವೀರಗಲ್ಲು. ಸುಮಾರು ಕ್ರಿ.ಶ. 890ರದ್ದು, ಅದರಲ್ಲಿ ಬೆಂಗಳೂರಿನ ಕಾಳಗ ಅಂತ ಬರುತ್ತೆ. ಅದನ್ನು ಯಾರಾದರೂ ಚರಂಡಿಗೆ ಹಾಕಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಬಿ.ಎಲ್. ರೈಸ್ ಅಂತ ಒಬ್ಬರಿದ್ದರು. ಮೈಸೂರು ಸಂಸ್ಥಾನದಲ್ಲಿ ಹಳ್ಳಿ ಹಳ್ಳಿ ತಿರುಗಿ ಸುಮಾರು 9,000 ಶಾಸನ ಕೂಡಿಹಾಕಿ, 1886ರಿಂದ "ಎಪಿಗ್ರಾಫಿಯ ಕರ್ನಾಟಿಕ" ಅನ್ನುವ ಸಂಪುಟಗಳನ್ನು ತಂದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ತಿದ್ದಿ ಬೆಳೆಸಿತು. ತಾಲ್ಲೂಕುವಾರು, ಊರುವಾರು ಇದೆ; ನಿಮ್ಮ ನೆಂಟರ ಊರಿನ ಹೆಸರು ಸಿಕ್ಕರೂ ಸಿಗಬಹುದು. ನಮ್ಮ ತಾಲ್ಲೂಕಿನ ಭಾಗ ನಾನು ನೋಡಿದ್ದೇನೆ. ಅಕ್ಕಪಕ್ಕದ ಊರಿನ ಕಲ್ಲುಗಳು ಇವೆ. ನಮ್ಮ ಏರಿಯ ಕಲ್ಲು ಇಲ್ಲ. ಅಂದರೆ ಅದನ್ನು ಯಾರೂ ಓದಿಲ್ಲ, ಪಡಿಯಚ್ಚು ತೆಗೆದಿಲ್ಲ. ಪಟ್ಟಿಕೆಗಳ ನಡುವೆ ಎರಡು ಸಾಲು ಅಕ್ಷರ ಇರುವುದು ಕೈ ಆಡಿಸಿದರೆ ಗೊತ್ತಾಗುತ್ತೆ. ಅವನ ಹೆಸರು ಆ ಎರಡು ಸಾಲಿನಲ್ಲಿ ಇರಬೇಕು. ಬರುವ ಬೇಸಿಗೆಯಲ್ಲಿ ಏರಿಯ ರಸ್ತೆ ಅಗಲ ಮಾಡುವ ಕೆಲಸ ಮಂಜೂರಾಗಿದೆ, ಜೆಸಿಬಿ ಬರುತ್ತೆ. ಚಾಲಕನಿಗೆ ಕಲ್ಲು ಅಂದರೆ ಕಲ್ಲು. ಒಂದು ಸಲ ಒಡೆದರೆ ಆ ಹೆಸರು ಪುಸ್ತಕದಲ್ಲೂ ಸಿಗುವುದಿಲ್ಲ, ನೆಲದಲ್ಲೂ ಸಿಗುವುದಿಲ್ಲ. ನಾನು ಇವತ್ತು ಈ ವಿಷಯ ಎತ್ತಿರುವುದೇ ಅದಕ್ಕೆ.

ಇದೆಲ್ಲ ಸರ್ಕಾರದ ಕೆಲಸ ಅಲ್ಲವೇ ಅಂತ ನೀವು ಕೇಳಬಹುದು. ಕೇಂದ್ರ ಸರ್ಕಾರ ದೇಶದಲ್ಲೆಲ್ಲ ಸೇರಿ ಸುಮಾರು 3,700 ಸ್ಮಾರಕಗಳನ್ನು ಸಂರಕ್ಷಿತ ಅಂತ ಗುರುತಿಸಿದೆ, ಅವುಗಳಲ್ಲಿ 500ಕ್ಕೂ ಹೆಚ್ಚು ನಮ್ಮ ರಾಜ್ಯದವು. ರಾಜ್ಯ ಇಲಾಖೆಯ ಪಟ್ಟಿ ಬೇರೆ. ಎರಡೂ ಸೇರಿಸಿದರೂ ಪ್ರತಿ ಹಳ್ಳಿಯ ಪ್ರತಿ ಕಲ್ಲಿಗೂ ಕಾವಲು ಹಾಕುವುದು ಯಾವ ಸರ್ಕಾರದಿಂದಲೂ ಆಗದ ಮಾತು. ಹಿಂದೆಯೂ ಅರಸರು ಎಲ್ಲವನ್ನೂ ಮಾಡಲಿಲ್ಲ. ಶಾಸನಗಳಲ್ಲಿ ನೋಡಿ: ಗಾಣದವರ ಒಕ್ಕಲುಗಳು ಸೇರಿ ದೇವರ ನಂದಾದೀಪಕ್ಕೆ ಗಾಣಕ್ಕೆ ಒಂದು ಸೊಲ್ಲಿಗೆ ಎಣ್ಣೆ ಅಂತ ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದಾರೆ. ಎಲೆ ಬೆಳೆಯುವವರು ಹೇರಿಗೆ ಇಷ್ಟು ಎಲೆ ಅಂತ ಬಿಟ್ಟಿದ್ದಾರೆ. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕಟ್ಟುಗೊಡಗೆ, ಕೆರೆಗೊಡಗೆ ಅಂತ ಗದ್ದೆ. ಕೆರೆಯ ಹೂಳೆತ್ತುವುದಕ್ಕೆ, ಏರಿಯ ದುರಸ್ತಿಗೆ ನೀರುಣ್ಣುವ ಗದ್ದೆಯಿಂದ ಬಿತ್ತುವಟ್ಟ. ಲೀಟರಿಗೆ ಇಷ್ಟು ಪೈಸೆ ಅಂತ ಕಟ್ಟಡ ನಿಧಿಗೆ ನಮ್ಮ ಸಂಘದಲ್ಲಿ ಮುರಿದುಕೊಂಡೆವಲ್ಲ, ಅದೇ ಲೆಕ್ಕಾಚಾರ. ಸಹಕಾರ ಅನ್ನುವ ಹೆಸರು ಮಾತ್ರ ಹೊಸದು. ಆ ಹೊಸ ಹೆಸರಿಗೂ ಕನ್ನಡ ನೆಲವೇ ಮೊದಲ ತಾಣಗಳಲ್ಲಿ ಒಂದು. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು, 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನನ್ನನ್ನು ಕೇಳಿದರೆ ಹಂಪಿಗೆ ಬಸ್ಸು ಮಾಡಿಕೊಂಡು ಹೋಗುವ ಸಂಘದವರು ದಾರಿಯಲ್ಲಿ ಕಣಗಿನಹಾಳಕ್ಕೂ ಒಂದು ಗಳಿಗೆ ಹೋಗಿ ಬರಬೇಕು.

ಕಲ್ಲಿನ ಮಾತೇ ಆಯಿತು, ಪ್ರಾಕೃತಿಕ ತಾಣ ಬಿಟ್ಟುಬಿಟ್ಟರಾ ಮೇಷ್ಟ್ರೇ ಅಂತೀರಿ. ಎರಡೇ ಊರಿನ ಮಾತು ಹೇಳ್ತೀನಿ. ಒಂದು ದೇವನಹಳ್ಳಿ ತಾಲ್ಲೂಕಿನ ನಲ್ಲೂರು. ಅಲ್ಲೊಂದು ಹಳೇ ಹುಣಸೆ ತೋಪು ಇದೆ, ಐವತ್ತು ಎಕರೆಗೂ ಮೇಲೆ. ಕೆಲವು ಮರ ನೋಡಿದರೆ ಮರವೋ ಬಂಡೆಯೋ ಅನ್ನುವ ಹಾಗಿವೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪರಂಪರೆಯ ತಾಣ ಅಂತ ಘೋಷಿಸಿದರು. ಇಡೀ ಭಾರತದಲ್ಲಿ ಆ ಹೆಸರು ಪಡೆದ ಮೊದಲನೇ ಜಾಗ, ನಮ್ಮ ಬಯಲುಸೀಮೆಯ ಒಂದು ಹುಣಸೆ ತೋಪು! ಇನ್ನೊಂದು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗೇ, ಮನೆ ಹಿತ್ತಲಿನ ಹುಣಸೆ ಮರ, ಅರಳಿ ಮರಗಳ ಮೇಲೇ ಗೂಡು ಕಟ್ಟುತ್ತವೆ. ಗಲೀಜು, ಮೀನಿನ ವಾಸನೆ, ಗದ್ದಲ, ಎಲ್ಲ ಉಂಟು. ಆದರೂ ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ನೋಡಿಕೊಳ್ತಾರೆ. ಹಿಕ್ಕೆ ಬಿದ್ದ ಮಣ್ಣು ಗೊಬ್ಬರವಾಗುತ್ತೆ. ಹುಣಸೆ ಫಸಲು ಬಿಟ್ಟುಕೊಟ್ಟದ್ದಕ್ಕೆ ಅರಣ್ಯ ಇಲಾಖೆಯವರು ಪರಿಹಾರ ಕೊಡುವ ಏರ್ಪಾಡು ಮಾಡಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಬೇಲಿ ಹಾಕಲಿಲ್ಲ, ಊರು ಎಬ್ಬಿಸಲಿಲ್ಲ.

ನಮ್ಮ ಊರಿಗೂ ಗುಂಡುತೋಪು ಇದೆ. ನಾನು ಈ ಊರಿಗೆ ಬಂದಾಗ ಅಲ್ಲಿ ನಲವತ್ತೆಂಟು ಮರ ಎಣಿಸಿದ್ದೆ, ಹೋದ ತಿಂಗಳು ಮಕ್ಕಳನ್ನು ಕಳಿಸಿ ಎಣಿಸಿದೆ, ಹತ್ತೊಂಬತ್ತು. ಯಾರು ಕಡಿದರು ಅನ್ನೋದನ್ನ ಹಬ್ಬದ ದಿನ ಮಾತಾಡೋದು ಬೇಡ. ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, 2002ರ ಕಾಯಿದೆ ಹಾಗೆ ಹೇಳುತ್ತೆ. ಊರಿನ ಮರ, ಗಿಡ, ಬೀಜ, ದನದ ತಳಿ ಎಲ್ಲವನ್ನೂ ಒಂದು ದಾಖಲಾತಿ ಪುಸ್ತಕದಲ್ಲಿ ಬರೆಯುವುದು ಅದರ ಕೆಲಸ. ಉಳಿದ ಹತ್ತೊಂಬತ್ತು ಮರ ಆ ಪುಸ್ತಕದಲ್ಲಿ ನಂಬರು ಸಮೇತ ಸೇರಲಿ.

ಇನ್ನು ನಿಮ್ಮ ಮನಸ್ಸಿನಲ್ಲಿರುವ ಅಂಜಿಕೆ. ಮೊನ್ನೆ ಅರಳಿಕಟ್ಟೆ ಮೇಲೆ ಒಬ್ಬರು ನನ್ನ ಮುಖಕ್ಕೇ ಹೇಳಿದರು. "ಮೇಷ್ಟ್ರೇ, ನೀವು ಕಲ್ಲು ಕಲ್ಲು ಅಂತ ಅಧಿಕಾರಿಗಳನ್ನ ಕರ್ಕೊಂಡು ಬರ್ತೀರಿ. ಅವರು ಬಂದು ಟೇಪು ಹಿಡಿದು, ಇಲ್ಲಿ ಮನೆ ಕಟ್ಟಂಗಿಲ್ಲ, ಬೋರು ಕೊರೆಸಂಗಿಲ್ಲ ಅಂತಾರೆ. ಆಮೇಲೆ ನಮ್ಮ ಗತಿ?" ಆ ಪ್ರಶ್ನೆ ತಪ್ಪಲ್ಲ. ಪಶ್ಚಿಮ ಘಟ್ಟ ಪಟ್ಟಿಗೆ ಸೇರುವಾಗ ಮಲೆನಾಡಿನವರಿಗೂ ಇದೇ ಅಂಜಿಕೆ ಇತ್ತು, ಆಗಿನ ನಮ್ಮ ರಾಜ್ಯ ಸರ್ಕಾರವೇ ವಿರೋಧ ಹೇಳಿತ್ತು. ಹಂಪಿಯ ಕಥೆ ಇನ್ನೂ ಕಷ್ಟದ್ದು. ಹೊಳೆಯ ಆಚೆ ಆನೆಗೊಂದಿಯವರು ತಲೆತಲಾಂತರದಿಂದ ಹರಿಗೋಲಿನಲ್ಲಿ ದಾಟುತ್ತಿದ್ದರು. ಸೇತುವೆ ಬೇಕು ಅಂತ ಕೇಳಿದ್ದು ನ್ಯಾಯವೇ. ಕಟ್ಟಲು ತೊಡಗಿದರು. ಹಳೇ ಮಂಟಪಗಳಿಗೆ ಧಕ್ಕೆ, ನೋಟಕ್ಕೆ ಧಕ್ಕೆ ಅಂತ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. 2006ರಲ್ಲಿ ತೆಗೆಯಿತು. 2009ರಲ್ಲಿ, ಕೆಲಸ ನಡೆಯುತ್ತಿರುವಾಗಲೇ, ಆ ಸೇತುವೆ ಕುಸಿದು ಬಿದ್ದು ಕೆಲಸಗಾರರು ಸತ್ತರು. ಆಮೇಲೆ ಬೇರೆ ಜಾಗದಲ್ಲಿ, ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ ಸೇತುವೆ ಆಯಿತು. ಮೊದಲೇ ಎರಡು ಕಡೆಯವರನ್ನೂ ಕೂರಿಸಿ, ಎಲ್ಲಿ ಕಟ್ಟಿದರೆ ಬಾಳೆಗೊನೆಯೂ ದಾಟುತ್ತೆ ಮಂಟಪವೂ ಉಳಿಯುತ್ತೆ ಅಂತ ಕೇಳಿದ್ದರೆ ಅಷ್ಟು ವರ್ಷ, ಅಷ್ಟು ಜೀವ ಹೋಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತೆ. ಅದೇ ಹಂಪಿಯಲ್ಲಿ ವಿಜಯನಗರದ ಅರಸರು ತೋಡಿಸಿದ ತುರ್ತು ಕಾಲುವೆಯ ನೀರಿನಲ್ಲಿ ಇವತ್ತಿಗೂ ಬೇಸಾಯ ನಡೀತಾ ಇದೆ, ಅದನ್ನೂ ಮರೆಯಬಾರದು. ಸ್ಮಾರಕವೂ ಹೌದು, ರೈತನ ನೀರೂ ಹೌದು.

ನಮ್ಮ ಕಲ್ಲಿನ ಮಟ್ಟಿಗೆ ಕಾನೂನು ಏನು ಅಂತ ವಿಚಾರಿಸಿಕೊಂಡೇ ಬಂದಿದ್ದೇನೆ. ಸುತ್ತ 100 ಮೀಟರು ಹೊಸ ಕಟ್ಟಡ ನಿಷೇಧ, ಅದರ ಆಚೆ 200 ಮೀಟರು ಅನುಮತಿ ಬೇಕು ಅನ್ನೋದು 2010ರ ತಿದ್ದುಪಡಿಯಲ್ಲಿ ಬಂದ ನಿಯಮ. ಅದು ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗೆ ಅನ್ವಯ. ಹಾಗೆ ಘೋಷಣೆ ಮಾಡಬೇಕಾದರೂ ಮೊದಲು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಎರಡು ತಿಂಗಳು ಕಾಲ ಕೊಡಬೇಕು. ಏರಿಯ ಮೇಲಿನ ಒಂದು ಕಲ್ಲನ್ನು ಓದಿಸಿದ ಮಾತ್ರಕ್ಕೆ ಯಾರ ಹಿತ್ತಲೂ ಹೋಗುವುದಿಲ್ಲ. ಏರಿ ಕೆರೆಯದು, ಅಲ್ಲಿ ಯಾರ ಮನೆಯೂ ಇಲ್ಲ.

ಮಾಡಬೇಕಾದ ಕೆಲಸ ಸಣ್ಣದು. ಮೊದಲು, ಕಲ್ಲು ಇರುವ ಜಾಗದಲ್ಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯ ಪುರಾತತ್ವ ಇಲಾಖೆಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಅರ್ಜಿ. ಒಬ್ಬ ಮೇಷ್ಟ್ರ ಅರ್ಜಿಗಿಂತ 25 ವರ್ಷದ ಸಂಘದ ಅರ್ಜಿಗೆ ತೂಕ ಹೆಚ್ಚು. ಅವರು ಬಂದು ಪಡಿಯಚ್ಚು ತೆಗೆಯಲಿ. ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿದರೆ ಕಣ್ಣಿಗೆ ಕಾಣದ ಅಕ್ಷರವೂ ಎದ್ದು ಬರುತ್ತೆ. ಅಲ್ಲಿಯವರೆಗೂ ಕಲ್ಲನ್ನು ಯಾರೂ ಕೀಳಬೇಡಿ. ಆಸಿಡ್ಡು ಬೇಡ, ತಂತಿ ಬ್ರಷ್ಷು ಬೇಡ, ಭಕ್ತಿ ಬಂದು ಎಣ್ಣೆ, ಬಣ್ಣ ಬಳಿಯುವುದೂ ಬೇಡ. ಬರೀ ನೀರು, ಮೆತ್ತನೆ ಬಟ್ಟೆ ಸಾಕು. ರಸ್ತೆ ಕೆಲಸದ ಕಂಟ್ರಾಕ್ಟರಿಗೆ ಈಗಲೇ ಬರವಣಿಗೆಯಲ್ಲಿ ತಿಳಿಸಬೇಕು. ಇಲಾಖೆಯವರು ತೋರಿಸಿದ ಕಡೆ ಒಂದು ಕಟ್ಟೆ, ಮೇಲೆ ಸಣ್ಣದೊಂದು ಸೂರು. ಚರಂಡಿ ಮೇಲಿನ ಕಲ್ಲಿಗೆ ಬದಲಾಗಿ ಬೇರೆ ಚಪ್ಪಡಿ ನಾನು ಕೊಡಿಸ್ತೀನಿ.

ಖರ್ಚು? ಸಂಘಕ್ಕೆ ಈಗ ಎರಡು ಹೊತ್ತೂ ಸೇರಿ ದಿನಕ್ಕೆ ಸುಮಾರು 600 ಲೀಟರು ಹಾಲು ಬರ್ತಾ ಇದೆ ಅಂತ ಕಾರ್ಯದರ್ಶಿಗಳು ವರದಿಯಲ್ಲಿ ಓದಿದರು. ಲೀಟರಿಗೆ 5 ಪೈಸೆಯಂತೆ ಒಂದು ವರ್ಷ ಹಿಡಿದರೆ 10,950 ರೂಪಾಯಿ. ಹತ್ತು ಲೀಟರು ಹಾಕುವ ಮನೆಗೆ ದಿನಕ್ಕೆ ಎಂಟಾಣೆ. ಕಟ್ಟೆಗೆ, ಸೂರಿಗೆ ಅದು ಪೂರಾ ಸಾಲದಿದ್ದರೆ ಲಾಭದಲ್ಲಿ ಸಾಮಾನ್ಯ ಹಿತನಿಧಿಗೆ ಎತ್ತಿಡುವ ಹಣದಿಂದ ತುಂಬಿಸಲಿಕ್ಕೆ ಸರ್ವಸದಸ್ಯರ ಸಭೆ ಒಪ್ಪಬಹುದು. ಕಲ್ಲು, ಮರಳು, ಆಳು ಊರಲ್ಲೇ ಇದೆ.

ಅಧ್ಯಕ್ಷರು ಗಡಿಯಾರ ನೋಡ್ತಾ ಇದ್ದಾರೆ. ಮುಂದಿನ ಆಡಳಿತ ಮಂಡಲಿ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸುತ್ತೇವೆ ಅಂತ ಅವರು ವೇದಿಕೆಯ ಮೇಲೇ ನನಗೆ ಮಾತು ಕೊಟ್ಟಿದ್ದಾರೆ, ನೀವೆಲ್ಲ ಸಾಕ್ಷಿ. ಬರುವ ಭಾನುವಾರ ಬೆಳಗಿನ ಹಾಲು ಹಾಕಿ ಆದಮೇಲೆ, ಎಂಟು ಗಂಟೆಗೆ, ನಾನು ಏರಿಯ ಮೇಲೆ ಇರ್ತೀನಿ. ಬರುವವರು ಬಿಂದಿಗೆ ಮತ್ತೆ ಹಳೇ ಪಂಚೆ ಬಟ್ಟೆ ತನ್ನಿ, ಗುದ್ದಲಿ ತರಬೇಡಿ. ಎಮ್ಮೆಯನ್ನ ಮಾತ್ರ ಅವತ್ತಿಂದ ಬೇರೆ ಕಡೆ ಕಟ್ಟಿ.